ವಾರಕ್ಕೆ ಎಂಟು ಶೋ, ಗಂಟಲು ಮಾತ್ರ ಒಂದೇ

ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಒಂದು ಪಾಯಿಂಟ್ ಇಳಿಸಿ. ಇವತ್ತು ಮಧ್ಯದಲ್ಲಿ ನಾನು ಬಾತುಕೋಳಿ ಥರ ಕೂಗೋದಿದೆ.

ಮೊದಲು ನನ್ನ ಅವಮಾನದ ಕಥೆ. ಬಿಕಾಂ ಕೊನೇ ವರ್ಷ, ಅಂತರ ಕಾಲೇಜು ನಾಟಕ ಸ್ಪರ್ಧೆ. ನಾಟಕದ ತುಂಬ ಹಾಡು, ಮೈಕ್ ಇಲ್ಲ. "ಕೊನೇ ಸಾಲಿಗೆ ಕೇಳ್ಬೇಕು, ಹೊಟ್ಟೆಯಿಂದ ಹಾಡೋ" ಅಂತ ನಿರ್ದೇಶಕರು. ಮೂರು ವಾರ ಹಾಗೇ ಕಿರುಚಿದೆ. ಧ್ವನಿ ಒಡೆಯೋಕೆ ಶುರುವಾದಾಗ ಹುಡುಗರು "ವಾಯ್ಸ್ ಓಪನ್ ಆಗ್ತಿದೆ ಮಗಾ" ಅಂದ್ರು. ನಾನೂ ನಂಬಿದೆ. ಶೋ ದಿನ ಎರಡನೇ ಹಾಡಿನ ಮೇಲಿನ ಸ್ವರಕ್ಕೆ ಬಾಯಿ ತೆರೆದೆ, ಬರೀ ಗಾಳಿ ಬಂತು. ಉಳಿದ ಸಾಲನ್ನ ಹಾರ್ಮೋನಿಯಂನವರು ನುಡಿಸಿ ಮುಗಿಸಿದ್ರು, ನಾನು ಕೈ ಎತ್ತಿಕೊಂಡು ನಿಂತಿದ್ದೆ.

ಆಮೇಲೆ ಇಎನ್‌ಟಿ ಡಾಕ್ಟರ್ ಹತ್ರ ಹೋದೆ. ಕ್ಯಾಮೆರಾ ಇಳಿಸಿ ನೋಡಿದ್ರು, ಧ್ವನಿತಂತುಗಳು ಊದಿಕೊಂಡಿದ್ವು. "ಹಾಡೋದು ಕಲಿತಿದ್ದೀರಾ?" ಅಂದ್ರು. "ಹೂಂ, ಸಂಗೀತ ಜೂನಿಯರ್ ಪಾಸ್." "ಕೂಗೋದು ಕಲಿತಿದ್ದೀರಾ?"

ಕೂಗೋದನ್ನ ಯಾರಾದ್ರೂ ಕಲೀತಾರಾ? ಕಲೀತಾರೆ. ಸಂಗೀತ ನಾಟಕದವರ ಮುಂದಿನ ಹಂತದ ಧ್ವನಿ ತರಬೇತಿಯಲ್ಲಿ ದೊಡ್ಡ ಪಾಲು ಅದೇ.

2024ರಲ್ಲಿ 'ವಿಕೆಡ್' ಸಿನಿಮಾ ನೋಡಿರ್ತೀರಿ, ಇಲ್ಲಾ ಅದರ ರೀಲ್ಸ್ ಆದ್ರೂ. ಸಿಂಥಿಯಾ ಎರಿವೊ ಗಾಳಿಯಲ್ಲಿ ನೇತಾಡ್ತಾ ಹಾಡ್ತಾಳಲ್ಲ, 'ಡಿಫೈಯಿಂಗ್ ಗ್ರಾವಿಟಿ'. 2003ರಲ್ಲಿ ಬ್ರಾಡ್‌ವೇ ರಂಗದ ಮೇಲೆ ಅದನ್ನ ಮೊದಲು ಹಾಡಿದ್ದು ಇಡೀನಾ ಮೆನ್ಜೆಲ್. ಆ ಹಾಡಿನ ತುತ್ತತುದಿಯ ಸ್ವರ ಹೊರಡೋವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 700 ಸಲ ಒಂದಕ್ಕೊಂದು ತಾಗುತ್ತವೆ. ಸೆಕೆಂಡಿಗೆ! ಬ್ರಾಡ್‌ವೇಯಲ್ಲಿ ಸಾಮಾನ್ಯವಾಗಿ ವಾರಕ್ಕೆ 8 ಶೋ. ಶನಿವಾರ ಮಧ್ಯಾಹ್ನ ಒಂದು, ರಾತ್ರಿ ಮತ್ತೊಂದು ಇರೋದೂ ಮಾಮೂಲು. ಒಂದು ಸಲ ಆ ಸ್ವರ ಮುಟ್ಟೋ ಹುಡುಗೀರು ನಿಮ್ಮ ಕಾಲೇಜಲ್ಲೂ ಸಿಗ್ತಾರೆ. ಎಂಟನೇ ಶೋನಲ್ಲೂ ಮುಟ್ಟೋದಕ್ಕೇ ತರಬೇತಿ ಬೇಕಾಗೋದು.

ಈ ಗಟ್ಟಿ ಹಾಡುಗಾರಿಕೆಗೆ ಬೆಲ್ಟಿಂಗ್ ಅಂತಾರೆ. ಮಾತಿನ ದನಿಯನ್ನೇ ಮೇಲಿನ ಸ್ವರಕ್ಕೆ ಒಯ್ಯೋದು. ನಾವು ಏನು ಮಾಡ್ತೀವಿ ಅಂದ್ರೆ, ಜೋರು ಬೇಕು ಅಂದ ತಕ್ಷಣ ಕೆಳಗಿಂದ ಗಾಳಿ ನೂಕ್ತೀವಿ. ತಂತುಗಳು ಆ ಗಾಳಿ ತಡೆಯೋಕೆ ಇನ್ನೂ ಬಿಗಿಯಾಗ್ತವೆ, ಜೋರಾಗಿ ಬಡ್ಕೊಳ್ತವೆ, ಊದ್ಕೊಳ್ತವೆ. ತರಬೇತಿ ಇರೋವರು ಗಾಳಿ ಕಮ್ಮಿ ಬಳಸಿ, ದನಿಯ ಆಕಾರ ಬದಲಿಸ್ತಾರೆ. ಅದರಲ್ಲಿ ಒಂದು ಟ್ವಾಂಗ್. ಈಗ ಬಾತುಕೋಳಿ. ಕ್ವಾಕ್, ಕ್ವಾಕ್! ಸಾರಿ. ಈ ಶಬ್ದ ಮಾಡುವಾಗ ಧ್ವನಿತಂತುಗಳ ಮೇಲಿನ ಜಾಗ ಸಣ್ಣ ಕೊಳವೆಯ ಥರ ಕಿರಿದಾಗುತ್ತೆ. ಆಗ ಸುಮಾರು 3000 ಹರ್ಟ್ಸ್ ಆಸುಪಾಸಿನ ಧ್ವನಿ ಹೊಳೆಯುತ್ತೆ, ನಮ್ಮ ಕಿವಿ ತುಂಬಾ ಚುರುಕಾಗಿರೋದೂ ಅಲ್ಲೇ. ಹೆಚ್ಚು ನೂಕದೇ ಕೊನೇ ಸಾಲಿಗೆ ಕೇಳುತ್ತೆ. ಅಮೆರಿಕದ ಗಾಯಕಿ ಜೋ ಎಸ್ಟಿಲ್ ಇದನ್ನೆಲ್ಲ ಬಿಡಿಸಿ ನೋಡಿ, ಟ್ವಾಂಗ್, ಬೆಲ್ಟ್, ಒಪೆರಾ ಅಂತ ಬೇರೆ ಬೇರೆ ಮಾಡಿ ಕಲಿಸೋ ಪದ್ಧತಿನೇ ಕಟ್ಟಿದ್ರು.

ಇದನ್ನ ಓದುವಾಗ ನನಗೆ ನಮ್ಮ ಕಂಪನಿ ನಾಟಕ ನೆನಪಾಯ್ತು. ಗುಬ್ಬಿ ವೀರಣ್ಣನವರ ಕಾಲದ ನಟರು ಮೈಕ್ ಇಲ್ಲದೇ ಹಾಡಿ ಬೆಳೆದೋರು. ಆ ಹಳೇ ರೆಕಾರ್ಡುಗಳ ಸ್ವಲ್ಪ ಮೂಗಿನ ಥರ ಕೇಳೋ ಚೂಪು ದನಿಯನ್ನ ನಾವು ಮಿಮಿಕ್ರಿ ಮಾಡಿ ನಗ್ತೀವಲ್ಲ, ಅದು ಅವರು ಕಂಡುಕೊಂಡ ಟ್ವಾಂಗೇ ಇರಬೇಕು ಅನ್ನೋದು ನನ್ನ ಅನಿಸಿಕೆ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ರಂಗಗೀತೆ ಒಂದು ಕೇಳಿ ನೋಡಿ, ಮಾತು ಎಲ್ಲಿ ನಿಂತು ಹಾಡು ಎಲ್ಲಿ ಶುರುವಾಯ್ತು ಅಂತ ಗೊತ್ತೇ ಆಗಲ್ಲ.

ಕನ್ನಡದಲ್ಲಿ ಹಾಡೋರಿಗೆ ಇನ್ನೊಂದು ಕಷ್ಟ ಇದೆ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗೀತವೆ. 'ಬಂದು', 'ಹೋಗಿ', 'ನೋಡು'. ಸಾಲಿನ ಕೊನೇ ಅಕ್ಷರಕ್ಕೆ ಎತ್ತರದ ಸ್ವರ ಇಟ್ರೆ ಇ, ಉ ಮೇಲೆ ಬೆಲ್ಟ್ ಮಾಡ್ಬೇಕು, ಬಾಯಿ ಮುಚ್ಚಿಕೊಂಡು ಕಿರುಚಿದ ಹಾಗೆ. ಪಳಗಿದವರು ದವಡೆ ಒಂಚೂರು ಇಳಿಸಿ 'ಇ'ಯನ್ನ 'ಎ' ಕಡೆಗೆ, 'ಉ'ವನ್ನ 'ಒ' ಕಡೆಗೆ ವಾಲಿಸ್ತಾರೆ. ಕೂತು ಕೇಳೋರಿಗೆ ಪದ ಸರಿಯಾಗೇ ಕೇಳುತ್ತೆ. ನನ್ನ ಗಾಳಿ ಹೋದ ಸ್ವರ ಇತ್ತಲ್ಲ, ಅದು 'ಇ' ಮೇಲೇ ಇತ್ತು.

ಇನ್ನು ಸ್ಟ್ರಾ. ಎಳನೀರಿಗೆ ಹಾಕೋ ಸ್ಟ್ರಾನೇ ಸಾಕು. ಅರ್ಧ ಲೋಟ ನೀರು, ಸ್ಟ್ರಾದ ತುದಿ ಒಂದೆರಡು ಸೆಂಟಿಮೀಟರ್ ಮುಳುಗಲಿ, ಗುಳುಗುಳು ಅನ್ನಿಸ್ತಾ 'ಊ' ಅಂತ ಕೆಳಗಿಂದ ಮೇಲಕ್ಕೆ ಜಾರಿಸಿ. ಬಾಯಿ ಹತ್ರ ತಡೆ ಇರೋದ್ರಿಂದ ಒತ್ತಡ ಸ್ವಲ್ಪ ಹಿಂದಕ್ಕೆ ಬಂದು, ತಂತುಗಳು ಬಡ್ಕೊಳ್ದೇ ಮೆತ್ತಗೆ ಕೂಡ್ತವೆ. ಹಾಡೋ ಮುಂಚೆ ಐದು ನಿಮಿಷ, ಮುಗಿದ ಮೇಲೂ ಐದು ನಿಮಿಷ.

ಮತ್ತೆ ಲೆಕ್ಕಾಚಾರ. ಕಾಮರ್ಸ್‌ನವನಲ್ವಾ, ನನಗೆ ಇದು ಓವರ್‌ಡ್ರಾಫ್ಟ್ ಥರಾನೇ ಕಾಣೋದು. ಅನುಭವಿ ನಟರು ರಿಹರ್ಸಲ್‌ನಲ್ಲಿ ಪ್ರತಿ ಸಲ ಪೂರ್ತಿ ಹಾಡಲ್ಲ. ಬೆಳಕು, ನಡೆ ಸರಿಮಾಡೋವಾಗ ಮೆಲ್ಲಗೆ, ಇಲ್ಲಾ ಒಂದು ಸ್ಥಾಯಿ ಕೆಳಗೆ ಹಾಡ್ತಾರೆ. ಅದಕ್ಕೆ ಮಾರ್ಕಿಂಗ್ ಅಂತ ಹೆಸರು. ನಮ್ಮಲ್ಲಿ ಹಾಗೆ ಮಾಡಿದ್ರೆ "ಎನರ್ಜಿ ಇಲ್ವಾ?" ಅಂತ ಬೈಗುಳ. ತಿಂಗಳ ವರ್ಕ್‌ಶಾಪಲ್ಲಿ ಕುಣಿತಕ್ಕೆ ದಿನಾ ಎರಡು ಗಂಟೆ, ಧ್ವನಿಗೆ ಹತ್ತು ನಿಮಿಷ ಓಂಕಾರ. ನನಗೆ ಇದು ನಿಜವಾಗ್ಲೂ ಸಿಟ್ಟು ಬರ್ಸುತ್ತೆ.

ಯಾಕಂದ್ರೆ ಕಳ್ಕೊಂಡ್ರೆ ವಾಪಸ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. 'ದ ಸೌಂಡ್ ಆಫ್ ಮ್ಯೂಸಿಕ್'ನ ಜೂಲಿ ಆಂಡ್ರ್ಯೂಸ್ ಗೊತ್ತಲ್ಲ? ಬ್ರಾಡ್‌ವೇಯಲ್ಲಿ 'ವಿಕ್ಟರ್/ವಿಕ್ಟೋರಿಯಾ' ಮಾಡ್ತಾ ಗಂಟಲು ಕೆಟ್ಟು, 1997ರಲ್ಲಿ ಶಸ್ತ್ರಚಿಕಿತ್ಸೆ ಆಯ್ತು. ಆ ಹಾಡೋ ಧ್ವನಿ ಮತ್ತೆ ಬರಲೇ ಇಲ್ಲ. ಚಿಕ್ಕಂದಿನಿಂದ ತರಬೇತಿ ಪಡೆದವರು ಅವರು.

ನನ್ನದು ಸಣ್ಣದರಲ್ಲಿ ಹೋಯ್ತು. ಹತ್ತು ದಿನ ಮೌನ, ಪಿಸುಮಾತೂ ಬೇಡ ಅಂದಿದ್ರು, ಅದೂ ಗಂಟಲಿಗೆ ಕೆಲಸವೇ ಅಂತೆ. ಆಮೇಲೆ ಎರಡು ತಿಂಗಳು ಸ್ಪೀಚ್ ಥೆರಪಿ. ಮನೇಲಿ ಅಮ್ಮನಿಗೆ ಚೀಟಿ ಬರೆದು ಕೊಡ್ತಿದ್ದೆ, ಅವರು ಚೀಟೀನಲ್ಲೇ ಉತ್ತರ ಬರೀತಿದ್ರು, ಅವರಿಗೆ ಮಾತು ಬರುತ್ತೆ ಅನ್ನೋದನ್ನ ಮರೆತು.

ನಿಮ್ಮ ತಂಡದಲ್ಲಿ ಯಾರದ್ದಾದ್ರೂ ದನಿ ಎರಡು ವಾರದಿಂದ ಒಡೆದೇ ಇದ್ರೆ, ಈ ಎಪಿಸೋಡ್ ಫಾರ್ವರ್ಡ್ ಮಾಡೋ ಮೊದಲು ಅವರನ್ನ ಇಎನ್‌ಟಿ ಹತ್ರ ಕಳಿಸಿ. ಸ್ಟ್ರಾ ಆಮೇಲೆ. ಬರ್ತೀನಿ.