ಉದ್ರಿ ಲೆಕ್ಕ ಮತ್ತು ಎರಡು ಪೆನ್ಸಿಲ್ ಸೆಲ್

ನನ್ನ ಊರು ಹಾವೇರಿ ಕಡೆ. ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿತು, ಸಾಫ್ಟ್‌ವೇರ್ ಕೆಲಸ. ಇವತ್ತು ಕ್ಲೌಡು, ಎಐ ಏನೂ ಬೇಡ. ನನ್ನ ಕೈಯಲ್ಲಿರೋ ಈ ಸಣ್ಣ ಡಬ್ಬಿ ಬಗ್ಗೆ ಮಾತಾಡ್ತೀನಿ.

ಇದು ಎಚ್‌ಪಿ 200ಎಲ್‌ಎಕ್ಸ್, 1994ರಲ್ಲಿ ಬಂದ ಕಂಪ್ಯೂಟರ್. ಎರಡು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತೆ. ಪ್ರೊಸೆಸರ್ 80186 ಜಾತಿಯದು, ವೇಗ 8 ಮೆಗಾಹರ್ಟ್ಸ್‌ಗಿಂತ ಸ್ವಲ್ಪ ಕಮ್ಮಿ. ಎಂಎಸ್-ಡಾಸ್ 5 ಒಳಗಿನ ಚಿಪ್ಪಿನಲ್ಲೇ ಇದೆ.

ಇದರ ಹಿಂದೆ ಯಾಕೆ ಬಿದ್ದೆ ಅಂದ್ರೆ, ನಮ್ಮಪ್ಪನದು ಕಿರಾಣಿ ಅಂಗಡಿ. 1993ರಲ್ಲಿ ಡಿಪ್ಲೊಮಾ ಓದ್ತಿದ್ದಾಗ ಅಂಗಡಿ ಉದ್ರಿ ಲೆಕ್ಕಕ್ಕೆ ಟರ್ಬೊ ಪ್ಯಾಸ್ಕಲ್ 3ರಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೆ. ಆಮೇಲೆ ವಹಿಗಳನ್ನ ಗೆದ್ದಲು ತಿಂದವು. ಈಗ ಅಪ್ಪನಿಗೆ ಮರೆವು. ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ: "ಉದ್ರಿ ವಹಿ ಎಲ್ಲಿ ಇಟ್ಟೀಯೋ ತಮ್ಮಾ?" ಫ್ಲಾಪಿಯಿಂದ ಸಿಡಿಗೆ ಹಾಕಿಟ್ಟಿದ್ದ ಫೈಲುಗಳು ಮಾತ್ರ ಉಳಿದಿದ್ದವು.

ಪೈಥಾನ್‌ನಲ್ಲಿ ಓದಬಹುದಿತ್ತಲ್ಲ ಅಂತೀರಿ. ಓದಬಹುದು, ಆದ್ರೆ ಆ ಡೇಟಾ ಫೈಲಿನಲ್ಲಿ ಕಾಲಂ ಹೆಸರು ಇರಲ್ಲ. ದಶಾಂಶ ಸಂಖ್ಯೆಗಳು 6 ಬೈಟಿನವು, ಈಗಿನ 4 ಅಥವಾ 8 ಬೈಟಿನ ಲೆಕ್ಕಕ್ಕೆ ನೇರ ಹೊಂದಲ್ಲ. ಯಾವ ಬೈಟು ಯಾರ ಬಾಕಿ ಅನ್ನೋದು ಸೋರ್ಸ್ ಕೋಡಿಗೆ ಮಾತ್ರ ಗೊತ್ತು. ಜೊತೆಗೆ, ಹಳೇ ಮೆನು ಕಂಡರೆ ಅಪ್ಪನಿಗೆ ಏನಾದ್ರೂ ನೆನಪಾದೀತು ಅನ್ನೋ ಆಸೆ.

ಟರ್ಬೊ ಪ್ಯಾಸ್ಕಲ್ 1983ರಲ್ಲಿ ಬಂದದ್ದು. ಕಂಪೈಲರ್ ಬರೆದ ಆಂಡರ್ಸ್ ಹೈಲ್ಸ್‌ಬರ್ಗ್ ಮುಂದೆ ಸಿ-ಶಾರ್ಪ್, ಟೈಪ್‌ಸ್ಕ್ರಿಪ್ಟ್ ಕಟ್ಟಿದವರು. ಅಂದ್ರೆ ನಿಮ್ಮಲ್ಲಿ ಎಷ್ಟೋ ಜನ ದಿನಾ ಅವರ ಕೆಲಸದ ಮೇಲೇ ಕೂತಿದ್ದೀರಿ! 3ನೇ ಆವೃತ್ತಿಯಲ್ಲಿ ಎಡಿಟರ್, ಕಂಪೈಲರ್ ಎರಡೂ ಸೇರಿ ಸುಮಾರು 40 ಕೆಬಿಯ ಒಂದೇ ಫೈಲ್.

ಮೊದಲ ತೊಡಕು ಕಾರ್ಡಿನದು. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನ ಅಡಾಪ್ಟರಿನಲ್ಲಿ ಹಾಕಿದೆ, ಓದಲಿಲ್ಲ. ಲ್ಯಾಪ್‌ಟಾಪಿನಲ್ಲಿ ಫ್ಯಾಟ್-32 ಫಾರ್ಮ್ಯಾಟ್ ಮಾಡಿದ್ದೆ, ಡಾಸ್ 5ಕ್ಕೆ ಅದು ಗೊತ್ತಿಲ್ಲ. ಸಣ್ಣ ಪಾರ್ಟಿಷನ್ ಮಾಡಿ ಫ್ಯಾಟ್-16 ಹಾಕಿದ ಮೇಲೆ ಓದಿತು.

ಕಂಪೈಲ್ ಆಯ್ತು. ರನ್ ಮಾಡಿದರೆ ಐ/ಒ ಎರರ್ 01, ಅಂದ್ರೆ ಫೈಲ್ ಇಲ್ಲ. ಒಂದು ಸಂಜೆ ಪೂರ್ತಿ ಹುಡುಕಿದೆ. ಕೊನೆಗೆ ನೋಡಿದರೆ 1993ರ ನಾನು ಕೋಡಿನೊಳಗೇ ಬಿ ಡ್ರೈವ್ ಅಂತ ಬರೆದಿಟ್ಟಿದ್ದೆ, ಆಗಿನ ಎರಡನೇ ಫ್ಲಾಪಿ. ಈ ಯಂತ್ರದಲ್ಲಿ ಕಾರ್ಡು ಅಂದ್ರೆ ಎ ಡ್ರೈವ್. ಒಂದಕ್ಷರ ಬದಲಿಸಿದೆ, ಮೆನು ಬಂತು.

ಹೋದ ದೀಪಾವಳಿಗೆ ಊರಿಗೆ ಒಯ್ದೆ. ಅಪ್ಪ ಕನ್ನಡಕ ಸರಿ ಮಾಡ್ಕೊಂಡು, "ಕ್ಯಾಲ್ಕುಲೇಟರ್ ಏನು?" ಅಂದ್ರು. ಜೂಮ್ ಮಾಡಿ ಪಟ್ಟಿ ತೋರಿಸಿದೆ. ಒಂದೊಂದೇ ಹೆಸರು ಓದಿದ್ರು. ಒಂದು ಕಡೆ ಬೆರಳಿಟ್ಟು, "ಇದು ತಪ್ಪೈತಿ. ಆಕಿ ಮಗನ ಮದುವಿ ಮುಂದ ಪೂರ್ತಿ ಕೊಟ್ಟಾಳ. ಹೊಡದ್ಹಾಕು" ಅಂದ್ರು. ಹೊಡೆದು ಹಾಕಿದೆ. ಮಾರನೇ ದಿನ ಮತ್ತೆ ವಹಿ ಎಲ್ಲಿ ಅಂತ ಕೇಳಿದ್ರು. ಈ ಸಲ ಕೈಗೆ ಕೊಡೋಕೆ ಏನೋ ಇತ್ತು.

ನಿಮ್ಮ ಮನೆಯಲ್ಲೂ ಹಳೇ ಸಿಡಿ, ಫ್ಲಾಪಿ ಇರಬಹುದು. ಡೇಟಾ ಒಂದನ್ನೇ ಉಳಿಸಬೇಡಿ. ಅದನ್ನ ಓದೋ ಸೋರ್ಸು, ಕಂಪೈಲರು ಎಲ್ಲಾ ಒಂದೇ ಕಡೆ ಇಡಿ. ಜೊತೆಗೆ ಸಾದಾ ಟೆಕ್ಸ್ಟ್ ಫೈಲಿನಲ್ಲಿ ನಾಲ್ಕು ಸಾಲು ಬರೆದಿಡಿ. ಮುಖ್ಯವಾಗಿ, ಕೇಳೋರು ಇರುವಾಗಲೇ ತೆಗೆದು ತೋರಿಸಿ.