ಚೀಲ ಕಟ್ಟುವ ಮುನ್ನ

 



ಮಸೀದಿಯ ಹಿಂಬದಿಯ ಹಳೆಯ ಮದ್ರಸಾ ಕೋಣೆಯಲ್ಲಿ ನಮ್ಮ ಮೊಹಲ್ಲಾದ ಹಳೆ ಸಾಮಾನಿನ ಅಂಗಡಿ ನಡೆಯುತ್ತಿರುವುದು ನಿಮಗೆಲ್ಲ ಗೊತ್ತು. ಬಳಸಿದ ಬಟ್ಟೆ, ಪಾತ್ರೆ, ಶಾಲೆಯ ಪುಸ್ತಕ, ತೊಟ್ಟಿಲು, ಸೈಕಲ್ಲು ಹೀಗೆ ಏನನ್ನಾದರೂ ಯಾರೂ ಕೊಡಬಹುದು, ಯಾರೂ ಕೊಳ್ಳಬಹುದು. ಬಂದ ಹಣ ರೋಗಿಗಳ ಔಷಧಿಗೆ ಹೋಗುತ್ತದೆ. ಈ ಅಂಗಡಿಯ ಬಗ್ಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. 'ಬಡವರಿಗೆ ಪುಕ್ಕಟೆ ಕೊಟ್ಟರೆ ಆಗದೇ? ಒಂದು ಹಳೆ ಅಂಗಿಗೆ 20 ರೂಪಾಯಿ ಏಕೆ ತೆಗೆದುಕೊಳ್ಳಬೇಕು?'

ಸೂರಃ ಅಲ್‌ಬಕರದ 273ನೇ ಸೂಕ್ತವು ಒಂದು ಬಗೆಯ ಬಡವರನ್ನು ನಮಗೆ ಪರಿಚಯಿಸುತ್ತದೆ. ಅವರು ಯಾರ ಬೆನ್ನು ಹತ್ತಿಯೂ ಬೇಡುವುದಿಲ್ಲ. ಅರಿಯದವರು ನೋಡಿದರೆ ಇವರು ಅನುಕೂಲಸ್ಥರೆಂದೇ ಭಾವಿಸುತ್ತಾರೆ. ಅಂಥವರು ನಮ್ಮ ಓಣಿಯಲ್ಲೇ ಇದ್ದಾರೆ. ಗಲ್ಫಿನ ಕೆಲಸ ಹೋಗಿ ಮರಳಿದವರ ಮನೆಯ ಗೇಟು ಇನ್ನೂ ದೊಡ್ಡದೇ ಇರುತ್ತದೆ, ಒಳಗೆ ಅಕ್ಕಿ ಡಬ್ಬ ಮಾತ್ರ ಬರಿದಾಗಿರುತ್ತದೆ. ಆ ಮನೆಯವರು ರಮಝಾನ್ ಕಿಟ್ಟಿನ ಸಾಲಿನಲ್ಲಿ ನಿಂತಾರೆಯೇ? ಕೊಡುವವರು ನಗುತ್ತಾ, ಪಡೆಯುವವರು ತಲೆ ತಗ್ಗಿಸಿ ನಿಂತ ಫೋಟೋ ಸಂಜೆಯೊಳಗೆ ಹತ್ತು ವಾಟ್ಸಾಪ್ ಗುಂಪುಗಳಲ್ಲಿ ತಿರುಗಾಡುತ್ತದೆ ಎಂದು ಅವರಿಗೆ ಗೊತ್ತು. ಆದರೆ ಅಂಗಡಿಗೆ ಅವರು ಬರಬಲ್ಲರು. ನಾಲ್ಕು ಅಂಗಿ ತಿರುವಿ ಹಾಕಿ, ಬಣ್ಣ ಇಷ್ಟವಾಗಲಿಲ್ಲ ಎಂದು ಪಕ್ಕಕ್ಕಿಟ್ಟು, ಐದನೆಯದನ್ನು ಆರಿಸಿ, 'ಹದಿನೈದಕ್ಕೆ ಕೊಡಿ' ಎಂದು ಚೌಕಾಸಿ ಮಾಡಿ ಹೋಗಬಲ್ಲರು. ಪುಕ್ಕಟೆ ಪಡೆದವರಿಗೆ ಬಣ್ಣ ಇಷ್ಟವಿಲ್ಲ ಎನ್ನುವ ಧೈರ್ಯ ಇರುವುದಿಲ್ಲ. ಆ 20 ರೂಪಾಯಿ ಇರುವುದು ಇದಕ್ಕಾಗಿ.

ಹಾಗಿದ್ದರೂ ಒಂದು ತೊಡಕಿದೆ. ಇಲ್ಲದವರು ಮಾತ್ರ ಆ ಬಾಗಿಲಲ್ಲಿ ಕಾಣಿಸಿಕೊಂಡರೆ ಬಾಗಿಲೇ ಬೋರ್ಡು ಆಗುತ್ತದೆ. ಆದ್ದರಿಂದ ಉಳ್ಳವರೂ ಅಲ್ಲಿ ಕೊಳ್ಳಬೇಕು. 'ಸದಕಾದ ವಸ್ತು ನಮಗೆ ಆಗುತ್ತದೆಯೇ?' ಎಂದು ಕೆಲವರು ಹಿಂಜರಿಯುತ್ತಾರೆ. ಸದಕಾ ಪಡೆಯಲು ಅರ್ಹನಲ್ಲದ ಶ್ರೀಮಂತನೂ ಅದನ್ನು ತನ್ನ ಹಣದಿಂದ ಕೊಂಡರೆ ತಪ್ಪಿಲ್ಲ ಎಂಬುದು ಅಬೂದಾವೂದ್ ಉದ್ಧರಿಸಿದ ಹದೀಸಿನಲ್ಲಿದೆ. ಬರೀರಾ(ರ)ರಿಗೆ ಸದಕಾ ಆಗಿ ಬಂದ ಮಾಂಸ, ಅವರು ಪ್ರವಾದಿವರ್ಯರಿಗೆ(ಸ) ನೀಡಿದಾಗ ಉಡುಗೊರೆಯಾಯಿತು. ಕೈ ಬದಲಾದಾಗ ವಸ್ತುವಿನ ಸ್ಥಾನವೂ ಬದಲಾಗುತ್ತದೆ. ಇನ್ನು ಹಳೆಯದು ಎಂಬ ಸಂಕೋಚವೇ? ಪ್ರವಾದಿವರ್ಯರು(ಸ) ತಮ್ಮ ಚಪ್ಪಲಿಯನ್ನು ತಾವೇ ದುರಸ್ತಿ ಮಾಡುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿಯುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ಒಗೆದು ಶುದ್ಧ ಮಾಡಿದ ಬಟ್ಟೆಯಲ್ಲಿ ನಮಾಝ್ ಆಗುತ್ತದೆ, ಮೊದಲು ಯಾರು ಉಟ್ಟಿದ್ದರೆಂಬ ವಿಚಾರಣೆ ಬೇಕಿಲ್ಲ. ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಹಳೆ ಸಾಮಾನು ಹುಡುಕುವ ಜನರಲ್ಲಿ ಎಲ್ಲ ಬಗೆಯವರೂ ಇರುತ್ತಾರೆ. ಅಲ್ಲಿ ಇಲ್ಲದ ನಾಚಿಕೆ ಮಸೀದಿಯ ಹಿಂಬದಿಯಲ್ಲಿ ಏಕೆ?

ಒಂದು ಎಚ್ಚರಿಕೆ ಮಾತ್ರ ಇದೆ. ಉಮರ್(ರ) ಅಲ್ಲಾಹನ ಮಾರ್ಗದಲ್ಲಿ ಒಂದು ಕುದುರೆಯನ್ನು ದಾನ ಮಾಡಿದ್ದರು. ಪಡೆದವನು ಅದನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ. ಅವನು ಅಗ್ಗಕ್ಕೆ ಮಾರಿಯಾನೆಂದು ಉಮರ್(ರ) ಮರಳಿ ಕೊಳ್ಳಬಯಸಿದರು. ಒಂದೇ ದಿರ್ಹಮಿಗೆ ಸಿಕ್ಕರೂ ಕೊಳ್ಳಬಾರದು, ಕೊಟ್ಟ ಸದಕಾದ ಕಡೆಗೆ ಮರಳಬಾರದು ಎಂದು ಪ್ರವಾದಿವರ್ಯರು(ಸ) ತಡೆದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ನಾವು ಕೊಟ್ಟ ಕುಕ್ಕರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕಂಡರೆ ಅದನ್ನು ಬೇರೆಯವರಿಗೆ ಬಿಡೋಣ.

ಹಣ ಕೊಟ್ಟು ಮರಳಿ ಪಡೆಯುವುದೇ ಇಷ್ಟು ಕೆಟ್ಟದ್ದಾದರೆ, ಮಾತಿನಿಂದ ಮರಳಿ ಪಡೆಯುವುದು ಹೇಗಿದ್ದೀತು? ಆಡುತ್ತಿರುವ ಹುಡುಗನನ್ನು ನಿಲ್ಲಿಸಿ, 'ಇದು ನಮ್ಮ ಮಗನ ಶರ್ಟ್ ಅಲ್ಲವೇನೋ?' ಎಂದು ಕೇಳುವವರಿದ್ದಾರೆ. ಕೇಳಿದವರ ಮನಸ್ಸಿನಲ್ಲಿ ಕೆಡುಕಿಲ್ಲದಿರಬಹುದು. ಆದರೆ ಆ ಹುಡುಗ ನಾಳೆಯಿಂದ ಅದನ್ನು ತೊಡುವುದಿಲ್ಲ. ತಾಯಿ ಒತ್ತಾಯಿಸಿದರೆ ಅಳುತ್ತಾನೆ, ಕಾರಣ ಹೇಳುವುದಿಲ್ಲ. ಹೆತ್ತವರು ದುಡಿದ ಹಣದಲ್ಲಿ ಕೊಂಡ ಅಂಗಿ ಒಂದು ಪ್ರಶ್ನೆಯಿಂದ ಮತ್ತೆ ದಾನದ ಅಂಗಿಯಾಯಿತು. ಎತ್ತಿ ಆಡಿ, ನೋಯಿಸಿ ದಾನವನ್ನು ವ್ಯರ್ಥಗೊಳಿಸಬೇಡಿ ಎಂದು ಅಲ್‌ಬಕರದ 264ನೇ ಸೂಕ್ತ ಎಚ್ಚರಿಸುವುದು ಇದನ್ನೇ. ನಮ್ಮ ಮನೆಯ ಬಟ್ಟೆ ಬೀದಿಯಲ್ಲಿ ಕಂಡರೆ ಗುರುತು ಸಿಗದವರಂತೆ ಮುಂದೆ ನಡೆಯೋಣ. ಮನೆಯ ಮಕ್ಕಳಿಗೂ ಇದನ್ನು ಕಲಿಸೋಣ, ಏಕೆಂದರೆ ಶಾಲೆಯಲ್ಲಿ ಈ ಪ್ರಶ್ನೆ ಕೇಳುವವರು ಅವರೇ.

ಇನ್ನು ಕೊಡುವ ವಿಚಾರ. ಅಸರ್ ನಂತರ ಚೀಲ ಬಿಡಿಸಿ ವಿಂಗಡಿಸುವ ಸಹೋದರಿಯರನ್ನು ಕೇಳಿ ನೋಡಿ. ಒಂಟಿ ಚಪ್ಪಲಿ, ಜಾರ್ ಇಲ್ಲದ ಮಿಕ್ಸಿ, ಒಗೆಯದ ಒಳಉಡುಪು ಎಲ್ಲವೂ ಬರುತ್ತವೆ. ಕಣ್ಣುಮುಚ್ಚಿಕೊಂಡಲ್ಲದೆ ನೀವೇ ಸ್ವೀಕರಿಸದಂತಹ ಕೀಳು ವಸ್ತುವನ್ನು ದಾನಕ್ಕೆ ಆರಿಸಬೇಡಿ ಎಂಬ ಆಜ್ಞೆ ಅದೇ ಸೂರಃದ 267ನೇ ಸೂಕ್ತದಲ್ಲಿದೆ. ಹರಿದ ಬಟ್ಟೆಗೂ ಉಪಯೋಗ ಇಲ್ಲವೆಂದಲ್ಲ. ಉತ್ತರ ಕನ್ನಡದ ಸಿದ್ದಿ ಸಹೋದರಿಯರು ಹಳೆ ಬಟ್ಟೆಯ ತುಂಡುಗಳಿಂದಲೇ ಎಷ್ಟು ಚೆಂದದ ಕೌದಿ ಹೊಲಿಯುತ್ತಾರೆ! ಅಂಥದ್ದನ್ನು ಬೇರೆ ಕಟ್ಟಿ, 'ಹರಿದದ್ದು' ಎಂದು ಚೀಟಿ ಅಂಟಿಸಿ ಕೊಡಿ. ಮಿಕ್ಸಿ ಬೇಗ ಬಿಸಿಯಾಗುತ್ತಿದ್ದರೆ ಅದನ್ನೂ ಬರೆಯಿರಿ. ಒದ್ದೆ ಧಾನ್ಯವನ್ನು ರಾಶಿಯ ಅಡಿಯಲ್ಲಿಟ್ಟ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ಗದರಿಸಿದ್ದರು. ಅಂಗಡಿ ಧರ್ಮಕಾರ್ಯದ್ದೆಂದು ಆ ನಿಯಮ ಸಡಿಲವಾಗುವುದಿಲ್ಲ.

ಕಪಾಟಿನಲ್ಲಿ ಮಲಗಿರುವ ಮದುವೆ ಬಟ್ಟೆಯ ಬಗ್ಗೆಯೂ ಹೇಳಬೇಕು. ಒಂದು ದಿನ ಉಟ್ಟ ಲೆಹೆಂಗಾ ನುಸಿಗುಳಿಗೆಯ ಜೊತೆ ವರ್ಷಗಟ್ಟಲೆ ಇರುತ್ತದೆ. ಅದೇ ಓಣಿಯಲ್ಲಿ ಇನ್ನೊಬ್ಬ ತಂದೆ ಅಂಥದ್ದೇ ಒಂದಕ್ಕಾಗಿ ಸಾಲ ಮಾಡುತ್ತಿರುತ್ತಾನೆ. ಪ್ರೀತಿಸುವುದನ್ನು ಕೊಡದೆ ಪುಣ್ಯ ದಕ್ಕದು ಎಂಬ ಆಲಿ ಇಮ್ರಾನಿನ 92ನೇ ಸೂಕ್ತ ಇಳಿದಾಗ ಅಬೂ ತಲ್ಹಾ(ರ) ತಮಗೆ ಅತ್ಯಂತ ಪ್ರಿಯವಾದ ಬೈರುಹಾ ತೋಟವನ್ನೇ ಕೊಟ್ಟರು. ಇಲ್ಲಿ ಕೇಳುತ್ತಿರುವುದು ತೋಟವನ್ನಲ್ಲ.

ಝಕಾತಿನ ಲೆಕ್ಕಕ್ಕೆ ಹಳೆ ಬಟ್ಟೆಯನ್ನು ಸೇರಿಸಬೇಡಿ. ಎರಡೂವರೆ ಶೇಕಡಾ ಬೇರೆ, ಇದು ಬೇರೆ. ಚೀಲಗಳು ಈದ್ ಮುಗಿದ ಮೇಲೆ ರಾಶಿ ಬೀಳುತ್ತವೆ, ಬೇಕಾಗಿರುವುದು ಈದ್‌ಗೆ ಮುಂಚೆ. ಶಅಬಾನಿನಲ್ಲೇ ಕಪಾಟು ತೆರೆಯಿರಿ. ಸಮವಸ್ತ್ರ, ಶಾಲಾ ಚೀಲಗಳನ್ನು ಮೇ ತಿಂಗಳಲ್ಲೇ ತನ್ನಿ.

ಈ ಭಾನುವಾರ ಅಸರ್‌ನಿಂದ ಮಗ್ರಿಬ್‌ವರೆಗೆ ಅಂಗಡಿ ತೆರೆದಿರುತ್ತದೆ. ಕೊಡುವ ಮುಂಚೆ ಜೇಬುಗಳನ್ನು ನೋಡಿಕೊಳ್ಳಿ. ಝಿಪ್ ಹೊಲಿಯಲು ಬಲ್ಲ ಇಬ್ಬರು ಬೇಕಾಗಿದ್ದಾರೆ. ಒಂದು ಇಸ್ತ್ರಿ ಪೆಟ್ಟಿಗೆಯೂ ಬೇಕು, ಹಳೆಯದಾದರೂ ಸರಿ, ಬಿಸಿಯಾಗುವಂತಿರಲಿ.