ಆಯಿಲ್ ಕಡ್ಡಿಯನ್ನು ಸರಿಯಾಗಿ ಓದುವ ಬಗೆ

(ಕಬ್ಬು ಬೆಳೆಗಾರ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಕಟಾವಿನ ಹಂಗಾಮು ಹತ್ತಿರ ಬಂದಿದೆ. ಆದವಾನಿ, ಕೌತಾಳ, ಕೋಸಿಗಿ, ಹೊಳಗುಂದ ಕಡೆಯ ಅನೇಕ ಸದಸ್ಯರು ಕಬ್ಬನ್ನು ಟ್ರಾಕ್ಟರಿನಲ್ಲಿ ಸಾಗಿಸುವವರು. ಬೀಜ, ಗೊಬ್ಬರ, ನೀರಿನ ವಿಚಾರ ನೀವು ಬೇಕಾದಷ್ಟು ಕೇಳಿದ್ದೀರಿ. ಈ ದಿನ ನಾನು ಹೇಳಹೊರಟಿರುವುದು ಒಂದು ಸಣ್ಣ ಕಡ್ಡಿಯ ವಿಚಾರ. ಇಂಜನ್ನಿನ ಪಕ್ಕದಲ್ಲಿ ಸಿಕ್ಕಿಸಿರುವ, ಚೇಂಬರಿನಲ್ಲಿ ಆಯಿಲ್ ಎಷ್ಟಿದೆ ಎಂದು ತೋರಿಸುವ ಕಡ್ಡಿ.

ಕಡಿದ ಕಬ್ಬು ಕಾಯುವ ಮಾಲಲ್ಲ. ಹೊತ್ತು ಕಳೆದಂತೆ ಅದರ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕಡಿಮೆಯಾಗುತ್ತದೆ. ತುಂಬಿದ ಟ್ರೈಲರನ್ನು ಕಟ್ಟಿಕೊಂಡು ಬರುವಾಗ ನಡುದಾರಿಯಲ್ಲಿ ಇಂಜನ್ ಹಿಡಿದುಕೊಂಡರೆ ನಷ್ಟ ಎರಡು ಕಡೆಯಿಂದ ಬಂತೆಂದೇ ತಿಳಿಯಿರಿ. ಒಂದು, ಕ್ರ್ಯಾಂಕು, ಬೇರಿಂಗುಗಳ ಖರ್ಚು. ಇನ್ನೊಂದು, ಬಿಸಿಲಿನಲ್ಲಿ ಒಣಗುವ ಕಬ್ಬು. "ದಿನವೂ ನೋಡುತ್ತಿದ್ದೆವು, ಆಯಿಲ್ ಇತ್ತು" ಎಂದು ಆಮೇಲೆ ಹೇಳುವವರು ಬಹಳ ಮಂದಿ. ನೋಡಿದ್ದು ನಿಜ, ಆದರೆ ನೋಡುವ ಕ್ರಮ ಸರಿಯಿರಲಿಲ್ಲ.

ಕಾರ್ಖಾನೆಯ ತೂಕದ ಸೇತುವೆಯ ಮೇಲೆ ನಿಮ್ಮ ಗಾಡಿ ಏರುವ ಮೊದಲು ನೀವು ಏನು ನೋಡುತ್ತೀರಿ? ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡುತ್ತೀರಿ. ಒಂದು ಚಕ್ರ ಸೇತುವೆಯ ಹೊರಗೆ ನಿಂತಿದ್ದರೆ ಆ ತೂಕವನ್ನು ನೀವು ಒಪ್ಪುವುದಿಲ್ಲ. ಗಾಡಿ ಅಲುಗಾಡುತ್ತಿದ್ದರೆ ನಿಲ್ಲುವವರೆಗೂ ಕಾಯುತ್ತೀರಿ. ಆಯಿಲ್ ಕಡ್ಡಿಗೂ ಇದೇ ಮೂರು ನಿಯಮ. ಗಾಡಿ ಸಮತಟ್ಟಾದ ನೆಲದಲ್ಲಿರಬೇಕು, ಆಯಿಲ್ ಇಳಿದು ನಿಂತಿರಬೇಕು, ಕಡ್ಡಿ ಒರೆಸಿ ಸೊನ್ನೆಯಾಗಿರಬೇಕು.

ಮೊದಲು ನೆಲದ ಮಾತು. ಬ್ಯಾಟರಿ ಸೊರಗಿದ ಟ್ರಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಚಾಲೂ ಮಾಡುವ ವಾಡಿಕೆ ನಮ್ಮಲ್ಲಿದೆ. ಕಾಲುವೆಯ ಏರಿಯ ಮೇಲೋ ಹೊಲದ ಬದುವಿನ ಮೇಲೋ ಓರೆಯಾಗಿ ನಿಂತ ಗಾಡಿಯ ಚೇಂಬರಿನಲ್ಲಿ ಆಯಿಲ್ ಒಂದು ಕಡೆಗೆ ಸರಿದಿರುತ್ತದೆ. ಕಡ್ಡಿಯಿರುವ ಕಡೆಗೆ ಸರಿದರೆ ಇರುವುದಕ್ಕಿಂತ ಹೆಚ್ಚು ತೋರುತ್ತದೆ, ಆಚೆ ಕಡೆಗೆ ಸರಿದರೆ ಕಡಿಮೆ ತೋರುತ್ತದೆ. ಆದ್ದರಿಂದ ಸಮನಾದ ಕಣ ಅಥವಾ ಮನೆಯ ಮುಂದಿನ ಗಟ್ಟಿ ನೆಲವನ್ನು ಗೊತ್ತು ಮಾಡಿಕೊಂಡು ದಿನವೂ ಅಲ್ಲಿಯೇ ನೋಡಿರಿ.

ಎರಡನೆಯದು ಹೊತ್ತು. ಇಂಜನ್ ನಡೆಯುವಾಗ ಆಯಿಲಿನ ಒಂದು ಪಾಲು ಮೇಲೆ ವಾಲ್ವುಗಳ ಬಳಿಯಲ್ಲೂ ಒಳಗಿನ ದಾರಿಗಳಲ್ಲೂ ಇರುತ್ತದೆ. ನಿಲ್ಲಿಸಿದ ಕೂಡಲೇ ನೋಡಿದರೆ ಕಡಿಮೆ ಕಾಣುತ್ತದೆ. ಅದನ್ನು ನಂಬಿ ಸುರಿದರೆ ಹೆಚ್ಚಾಗುತ್ತದೆ. ಬೆಳಿಗ್ಗೆ ಚಾಲೂ ಮಾಡುವ ಮೊದಲು ನೋಡುವುದು ಉತ್ತಮ. ನಡುವೆ ನೋಡಬೇಕಾದರೆ ಇಂಜನ್ ನಿಲ್ಲಿಸಿ 10-15 ನಿಮಿಷ ಬಿಡಿರಿ.

ಮೂರನೆಯದು ಒರೆಸುವುದು. ಕಡ್ಡಿಯ ಸುತ್ತಲಿನ ಧೂಳನ್ನು ಮೊದಲು ತೆಗೆಯಿರಿ. ನಮ್ಮ ಎರೆಭೂಮಿಯ ಮಣ್ಣು ಒಳಗೆ ಬಿದ್ದರೆ ಬೇರಿಂಗನ್ನು ಅರೆಯುತ್ತದೆ. ಮೊದಲ ಸಲ ಎಳೆದ ಕಡ್ಡಿಯ ಗುರುತನ್ನು ನಂಬಬೇಡಿರಿ. ಅದನ್ನು ಒರೆಸಿ, ಬುಡ ಕೂರುವವರೆಗೆ ಪೂರ್ತಿ ಒತ್ತಿ, ಮತ್ತೆ ಎಳೆದು ಓದಿರಿ. ಒರೆಸಲು ಹಳೆಯ ತೆಳುಬಟ್ಟೆ ಇರಲಿ. ಆದವಾನಿ ಹತ್ತಿಯ ಪೇಟೆಯಾದ್ದರಿಂದ ಹತ್ತಿ ವೇಸ್ಟ್ ಸುಲಭವಾಗಿ ಸಿಗುವುದು ನಿಜ. ಆದರೆ ಅದರ ಎಳೆ ಕಡ್ಡಿಗೆ ಅಂಟಿ ಒಳಗೆ ಹೋಗುತ್ತದೆ. ಕಡ್ಡಿಯ ಎರಡು ಮುಖಗಳಲ್ಲಿ ಗುರುತು ಬೇರೆ ಬೇರೆ ಇದ್ದರೆ ಕೆಳಗಿನದನ್ನೇ ಹಿಡಿಯಿರಿ. ಕೊಳವೆಯ ಗೋಡೆಗೆ ತಗುಲಿದ ಆಯಿಲ್ ಇನ್ನೊಂದು ಮುಖವನ್ನು ಬಳಿದಿರುತ್ತದೆ.

ಮಟ್ಟ ಎರಡು ಗೀಟುಗಳ ನಡುವೆ ಇರಬೇಕು. ಕಡಿಮೆಯಾಗಿದ್ದರೆ ಒಮ್ಮೆಗೇ ಸುರಿಯದೆ ಕಾಲು ಲೀಟರಿನಂತೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿರಿ. ಹೆಚ್ಚಿದ್ದರೆ ಒಳ್ಳೆಯದೇ ಎಂಬ ಭಾವನೆ ತಪ್ಪು. ಮೇಲಿನ ಗೀಟನ್ನು ತೀರ ದಾಟಿದರೆ ತಿರುಗುವ ಕ್ರ್ಯಾಂಕು ಮಜ್ಜಿಗೆ ಕಡೆದಂತೆ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ನೊರೆ ಬೇರಿಂಗನ್ನು ಕಾಯುವುದಿಲ್ಲ. ಸೀಲುಗಳಿಂದಲೂ ಆಯಿಲ್ ಸೋರತೊಡಗುತ್ತದೆ. ಹೆಚ್ಚಾದದ್ದನ್ನು ಇಳಿಸಿಬಿಡಬೇಕು.

ಎಲ್ಲ ಇಂಜನ್ನಿಗೂ ಇದೇ ಕ್ರಮವೇ ಎಂದು ಕೇಳಬಹುದು. ಅಲ್ಲ. ಜರ್ಮನಿಯ ಪೋರ್ಶೆ 911 ಎಂಬ ಹಳೆಯ ಸ್ಪೋರ್ಟ್ಸ್ ಕಾರಿನ ಉದಾಹರಣೆ ನೋಡಿ. 1964ರಿಂದ ತಯಾರಾದ, ಗಾಳಿಯಿಂದ ತಣಿಯುವ ಆ ಇಂಜನ್ನಿನ ಆಯಿಲ್ ಬೇರೊಂದು ಟ್ಯಾಂಕಿನಲ್ಲಿರುತ್ತದೆ. ಜೋರಾಗಿ ತಿರುವು ಹೊಡೆದಾಗ ಆಯಿಲ್ ಒಂದು ಕಡೆಗೆ ಸರಿದು ಪಂಪು ಬರಿದಾಗಬಾರದೆಂದು ಹೀಗೆ ಮಾಡಿದ್ದಾರೆ. ಆ ಕಾರಿನಲ್ಲಿ ಇಂಜನ್ ಚೆನ್ನಾಗಿ ಬಿಸಿಯಾಗಿ, ನಿಧಾನಗತಿಯಲ್ಲಿ ನಡೆಯುತ್ತಿರುವಾಗಲೇ ಕಡ್ಡಿ ನೋಡಬೇಕು. ನಿಲ್ಲಿಸಿ ಬಿಟ್ಟರೆ ಟ್ಯಾಂಕಿನ ಆಯಿಲ್ ಇಂಜನ್ನಿಗೆ ಇಳಿದು, ಕಡಿಮೆಯಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ನಮ್ಮ ಟ್ರಾಕ್ಟರಿಗೆ ಸರಿಯಾದ ಕ್ರಮ ಅದಕ್ಕೆ ತಪ್ಪು. ಗೀಟು ಎಳೆದವರು ಯಾವ ಸ್ಥಿತಿಯಲ್ಲಿ ಎಳೆದರೋ ಅದೇ ಸ್ಥಿತಿಯಲ್ಲಿ ಓದಿದರೆ ಮಾತ್ರ ಗೀಟು ನಿಜ ಹೇಳುತ್ತದೆ. ಆ ಸ್ಥಿತಿ ಯಾವುದೆಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ.

ಪುಸ್ತಕ ಕಳೆದಿದೆ, ಕಡ್ಡಿಯೂ ಮುರಿದು ಬೇರೆ ಗಾಡಿಯದನ್ನು ಸಿಕ್ಕಿಸಿದ್ದೇವೆ ಎನ್ನುವವರಿಗೂ ದಾರಿಯಿದೆ. 1971ರಲ್ಲಿ ಆರಂಭವಾದ ಎಚ್.ಎಂ.ಟಿ. ಟ್ರಾಕ್ಟರುಗಳ ತಯಾರಿಕೆ ಈಗ ನಿಂತುಹೋಗಿದೆ. ಅಂಥ ಗಾಡಿಗಳಿಗೆ ಬದಲಿ ಕಡ್ಡಿ ಹಾಕುವುದು ಅಚ್ಚರಿಯಲ್ಲ. ಆದರೆ ಉದ್ದ ಬೇರೆಯಾದ ಕಡ್ಡಿ ಸುಳ್ಳು ಅಳತೆಗೋಲು. ನಿಮ್ಮ ಮಾದರಿಗೆ ಫಿಲ್ಟರ್ ಸಹಿತ ಎಷ್ಟು ಲೀಟರ್ ಬೇಕೆಂದು ತಿಳಿದ ಮೆಕ್ಯಾನಿಕನಿಂದ ಖಚಿತ ಮಾಡಿಕೊಳ್ಳಿರಿ. ಮುಂದಿನ ಆಯಿಲ್ ಬದಲಾವಣೆಯಲ್ಲಿ ಹಳೆಯದನ್ನು ಪೂರ್ತಿ ಇಳಿಸಿ, ಹೊಸ ಫಿಲ್ಟರ್ ಹಾಕಿ, ಅಷ್ಟೇ ಲೀಟರನ್ನು ಅಳೆದು ಹಾಕಿರಿ. ಕೆಲವು ನಿಮಿಷ ನಡೆಸಿ, ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಕಡ್ಡಿ ನೋಡಿರಿ. ಆಯಿಲ್ ಎಲ್ಲಿಗೆ ಬಂದಿದೆಯೋ ಅದೇ ಆ ಕಡ್ಡಿಯ ಮೇಲಿನ ಗೀಟು. ಅಲ್ಲಿ ಅರದಿಂದ ಗುರುತು ಮಾಡಿಕೊಳ್ಳಿರಿ.

ಇನ್ನೊಂದು ಮುಖ್ಯ ಮಾತು. ಹಾಕದಿದ್ದರೂ ಆಯಿಲ್ ಏರುತ್ತಿದ್ದರೆ ಅದು ಇಳಿಯುವುದಕ್ಕಿಂತ ಕೆಟ್ಟ ಸೂಚನೆ. ಕಡ್ಡಿಯನ್ನು ಮೂಸಿ ನೋಡಿರಿ. ಡೀಸೆಲ್ ವಾಸನೆ ಬಂದು, ಆಯಿಲ್ ನೀರಿನಂತೆ ತೆಳ್ಳಗಾಗಿದ್ದರೆ ಫೀಡ್ ಪಂಪು ಅಥವಾ ನಾಜಲಿನಿಂದ ಡೀಸೆಲ್ ಇಳಿಯುತ್ತಿರಬಹುದು. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ; ಹೆಡ್ ಗ್ಯಾಸ್ಕೆಟ್ ಅಥವಾ ಲೈನರಿನ ರಬ್ಬರ್ ಉಂಗುರ ಹೋಗಿರಬಹುದು. ಇಂಥ ಇಂಜನ್ನನ್ನು ಒಂದು ಟ್ರಿಪ್ಪಿಗೂ ಚಾಲೂ ಮಾಡಕೂಡದು. ಬರೀ ಕಪ್ಪಾಗಿದ್ದರೆ ಹೆದರಬೇಕಿಲ್ಲ, ಡೀಸೆಲ್ ಇಂಜನ್ನಿನ ಆಯಿಲ್ ಬೇಗ ಕಪ್ಪಾಗುವುದು ಸಹಜ. ಕೆಂಪು ದೀಪ ಹೊತ್ತಲಿಲ್ಲವಲ್ಲ ಎಂದು ಸುಮ್ಮನಿರಬೇಡಿರಿ. ಅದು ಒತ್ತಡ ಬಿದ್ದಾಗ ಹೊತ್ತುವ ದೀಪ, ಮಟ್ಟ ತೋರಿಸುವ ದೀಪವಲ್ಲ.

ಕೊನೆಯದಾಗಿ, ಗಾಡಿ ನಡೆಸುವವನು ಮಗನಿರಲಿ, ಸಂಬಳದ ಡ್ರೈವರನಿರಲಿ, ಈ ಕೆಲಸವನ್ನು ಅವನಿಗೆ ಒಮ್ಮೆ ಪಕ್ಕದಲ್ಲಿ ನಿಂತು ತೋರಿಸಿರಿ. ಬೈದು ಕಲಿಸುವ ವಿದ್ಯೆ ಇದಲ್ಲ. ಸೀಟಿನ ಕೆಳಗೆ ಒಂದು ಚಿಕ್ಕ ಪುಸ್ತಕವಿಟ್ಟು ತಾರೀಖು, ಮಟ್ಟ, ಹಾಕಿದ ಆಯಿಲ್ ಇಷ್ಟನ್ನು ಬರೆಸಿರಿ. ಒಂದು ದಿನದ ಮಟ್ಟಕ್ಕಿಂತ ಹದಿನೈದು ದಿನದ ಮಟ್ಟ ಹೆಚ್ಚು ಹೇಳುತ್ತದೆ. ವಾರಕ್ಕೆ ಅರ್ಧ ಲೀಟರ್ ಕುಡಿಯುತ್ತಿದ್ದ ಇಂಜನ್ ಒಂದು ಲೀಟರ್ ಕುಡಿಯತೊಡಗಿದರೆ, ಹಂಗಾಮಿನ ನಡುವೆ ಕೈಕೊಡುವ ಮೊದಲೇ ನಿಮಗೆ ತಿಳಿಯುತ್ತದೆ. ದಿನಕ್ಕೆ ಐದು ನಿಮಿಷದ ಈ ಕೆಲಸವನ್ನು ಮೊದಲ ಟ್ರಿಪ್ಪಿನಿಂದಲೇ ಆರಂಭಿಸಿರಿ.